ಅಳತೆಯೆಲ್ಲ ಸರಿಯಾಗಿದೆ

ಜೂನ್ ೩

ಪ್ರೀತಿಯ ಗೇಣಪ್ಪ,

ಫೋನು ಬಿಟ್ಟು ಕಾಗದ ಬರೆಯುತ್ತಿದ್ದೇನೆ ಎಂದರೆ ವಿಷಯ ದೊಡ್ಡದು ಎಂದು ತಿಳಿದುಕೋ. ಫೋನಿನಲ್ಲಾದರೆ ನಾನು ಎರಡು ಮಾತಾಡುವಷ್ಟರಲ್ಲಿ ನೀನು ನಾಲ್ಕು ಸಲಹೆ ಕೊಟ್ಟಿರುತ್ತೀಯ. ಈಗ ನಾನು ಹೇಳಿ ಮುಗಿಸುವವರೆಗೂ ನೀನು ಬಾಯಿ ಹಾಕುವ ಹಾಗಿಲ್ಲ.

ನಮ್ಮ ನೀರು ಸರಬರಾಜು ಕಚೇರಿ ಹೊಸ ಕಟ್ಟಡಕ್ಕೆ ಬಂದು ತಿಂಗಳಾಯಿತು. ನಮ್ಮ ದೂರು ವಿಭಾಗ ನಾಲ್ಕನೇ ಮಹಡಿಯಲ್ಲಿದೆ. ಲಿಫ್ಟು ಅಗಲವಾಗಿದೆ, ನನ್ನ ಗಾಲಿಕುರ್ಚಿ ಆರಾಮಾಗಿ ಒಳಗೆ ಹೋಗುತ್ತದೆ. ಹಳೆಯ ಕಟ್ಟಡದಲ್ಲಿ ನನ್ನಂಥವರಿಗೆ ಬೇರೆ ಶೌಚಾಲಯ ಎಂಬುದೇ ಇರಲಿಲ್ಲ. ನೆಲಮಹಡಿಯ ಮೂಲೆಯಲ್ಲಿ ಒಂದು ಹಳೇ ಕೋಣೆ ಇತ್ತು, ಅದರ ಕಿಟಕಿಯ ಸರಳು ಹಿಡಿದುಕೊಂಡು ಇಪ್ಪತ್ತೆರಡು ವರ್ಷ ನಿಭಾಯಿಸಿದೆ. ಹೊಸ ಕಟ್ಟಡದಲ್ಲಿ ನಮ್ಮ ಮಹಡಿಯಲ್ಲೇ ಶೌಚಾಲಯ, ಬಾಗಿಲ ಮೇಲೆ ನೀಲಿ ಬೋರ್ಡು, ಬೋರ್ಡಿನ ಮೇಲೆ ಗಾಲಿಕುರ್ಚಿಯ ಚಿತ್ರ. ನೋಡಿದ ಮೊದಲ ದಿನ ನಿನ್ನನ್ನೇ ನೆನೆದು ಖುಷಿಪಟ್ಟೆ.

ಬಾಗಿಲಿಗೆ ಬೀಗ. ಕೀಲಿ ಕೆಳಗಿನ ಕಾವಲುಗಾರನ ಹತ್ತಿರ. ಅವನನ್ನು ಕರೆಸಿ ತೆಗೆಸಿದರೆ ಒಳಗೆ ಬಕೆಟ್ಟು, ಕಸಬರಿಗೆ, ಕಾಲು ಮುರಿದ ಆರು ಕುರ್ಚಿ. ಕಾವಲುಗಾರ ಪಾಪ ನಿಜವನ್ನೇ ಹೇಳಿದ: "ಇದು ಕಟ್ಟಡ ನೋಡೋಕೆ ಬರೋರಿಗೆ ತೋರ್ಸೋಕೆ ಮೇಡಂ, ಬಳಸೋಕಲ್ಲ." ಅದನ್ನು ಖಾಲಿ ಮಾಡಿಸಲು ನನಗೆ ಹನ್ನೆರಡು ದಿನ ಹಿಡಿಯಿತು. ಆ ಹನ್ನೆರಡು ದಿನ ಹೇಗೆ ಕಳೆದೆ ಎಂದು ಕೇಳಬೇಡ.

ಈಗ ಬೀಗ ಹೋಗಿದೆ, ಕೋಣೆ ಫಳಫಳ ಅನ್ನುತ್ತದೆ. ಆದರೆ ಕುರ್ಚಿಯಿಂದ ಕಮೋಡಿಗೆ ದಾಟುವಾಗ ಇಡೀ ಮೈಭಾರವನ್ನು ಗೋಡೆಯ ಕಂಬಿಯ ಮೇಲೆ ಹಾಕಬೇಕಲ್ಲ, ಆ ಕಂಬಿ ಅಲುಗಾಡುತ್ತದೆ. ಅರ್ಧ ಭಾರ ಹಾಕಿ ನೋಡಿದೆ, ಬುಡದಿಂದ ಬಿಳಿ ಪುಡಿ ಉದುರಿತು. ಪೂರ್ತಿ ಹಾಕಲು ಧೈರ್ಯ ಬರಲಿಲ್ಲ. ಹಾಗಾಗಿ ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ನೀರು ಮುಟ್ಟುವುದಿಲ್ಲ. ನಲ್ಲಿಯಲ್ಲಿ ನೀರು ಬರಲಿಲ್ಲ ಎಂದು ದೂರುವವರಿಗೆ ದಿನವಿಡೀ ಉತ್ತರ ಬರೆಯುವವಳು ನಾನು, ನನ್ನ ಗಂಟಲೇ ಒಣಗಿ ಕೂತಿದೆ. ಯಾರಿಗೆ ದೂರಲಿ?

ದೊಡ್ಡ ಸಾಹೇಬರಿಗೆ ಹೇಳಿದೆ. ಅವರು ಬಹಳ ಮೃದುವಾಗಿ, ಕಷ್ಟವಾದರೆ ಮನೆಯಿಂದಲೇ ಕೆಲಸ ಮಾಡಿ ಅಂದರು. ನಮ್ಮ ಕಚೇರಿಯಲ್ಲಿ ಮನೆಯಿಂದ ಕೆಲಸ ಎಂದರೆ ಲಕೋಟೆಗೆ ವಿಳಾಸ ಅಂಟಿಸುವುದು. ಸೆಪ್ಟೆಂಬರಿನಲ್ಲಿ ವಿಭಾಗದ ಮೇಲ್ವಿಚಾರಕರು ನಿವೃತ್ತರಾಗುತ್ತಾರೆ, ಆ ಕುರ್ಚಿ ಸರದಿಯ ಪ್ರಕಾರ ನನ್ನದು. ಮನೆಗೆ ಹೋಗಿ ಅಂಟು ಹಚ್ಚುತ್ತ ಕೂತವಳಿಗೆ ಅದನ್ನು ಯಾರು ಕೊಡುತ್ತಾರೆ? ನಾನು ಆ ಕಚೇರಿಯಲ್ಲಿ ಉಳಿಯಬೇಕೆಂದರೆ ಆ ಕೋಣೆ ಬಳಸುವಂತಾಗಬೇಕು, ಅಷ್ಟೇ.

ಕಟ್ಟಡಗಳಲ್ಲಿ ನನ್ನಂಥವರಿಗೆ ಅನುಕೂಲ ಇದೆಯೇ ಎಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದು ನಿನ್ನ ಕೆಲಸ. ಸರಿಯಾದ ಜಾಗಕ್ಕೆ ತಾಗುವ ಹಾಗೆ ದೂರು ಬರೆಯಲು ಏನೇನು ಹೇಳಬೇಕು, ತಿಳಿಸು.

ನಿನ್ನ ಅಕ್ಕ

ಜೂನ್ ೧೨

ಅಕ್ಕಾ,

ಕಾಗದ ಓದಿ ಮೈ ಉರಿಯಿತು. ಕಸಬರಿಗೆ ಇಡಲು ಅವರಿಗೆ ಬೇರೆ ಜಾಗವೇ ಸಿಗಲಿಲ್ಲವೇ? ನೀನು ನೀರು ಕುಡಿಯದೆ ಇರುವುದು ಮಾತ್ರ ಸರಿಯಲ್ಲ. ಭಾವನವರಿಗೆ ಹೇಳಿ ಬೈಸುತ್ತೇನೆ.

ಈಗ ಕೆಲಸದ ಮಾತು. ಸಿಟ್ಟಿನಿಂದ ಬರೆದ ದೂರನ್ನು ಯಾರೂ ಓದುವುದಿಲ್ಲ, ಅಳತೆ ಇಟ್ಟು ಬರೆದರೆ ಓದಲೇಬೇಕು. ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಕಮೋಡಿನ ಆಸನ ನೆಲದಿಂದ ಎಷ್ಟು ಎತ್ತರ, ಅದರ ಪಕ್ಕದಲ್ಲಿ ಕುರ್ಚಿ ನಿಲ್ಲಲು ಎಷ್ಟು ಜಾಗ, ಕುರ್ಚಿ ಒಂದು ಸುತ್ತು ತಿರುಗಲು ಒಂದೂವರೆ ಮೀಟರ್ ಇದೆಯೇ, ಕಂಬಿ ಎಷ್ಟು ಎತ್ತರದಲ್ಲಿದೆ, ಕಂಬಿಗೂ ಗೋಡೆಗೂ ನಡುವೆ ನಾಲ್ಕು ಬೆರಳು ತೂರುತ್ತದೆಯೇ, ಬೇಸಿನ್ನಿನ ಕೆಳಗೆ ನಿನ್ನ ಮೊಣಕಾಲು ಹೋಗುತ್ತದೆಯೇ, ಇವನ್ನೆಲ್ಲ ಅಳೆದು ಕಳಿಸು. ಎಲ್ಲಿ ತಪ್ಪಿದ್ದಾರೆ ಎಂದು ಕೂತಲ್ಲೇ ಹೇಳುತ್ತೇನೆ. ನಲವತ್ತೆರಡು ಪ್ರಶ್ನೆಗಳ ಪರೀಕ್ಷಾ ನಮೂನೆ ಮಾಡಿದವನು ನಿನ್ನ ತಮ್ಮನೇ, ಈಗ ಹದಿನೇಳು ಸಂಸ್ಥೆಗಳು ಅದನ್ನೇ ಇಟ್ಟುಕೊಂಡು ಕೆಲಸ ಮಾಡುತ್ತವೆ ಎಂಬುದು ನೆನಪಿರಲಿ.

ಕಂಬಿ ಅಲುಗಾಡುವುದಕ್ಕೆ ಅಷ್ಟು ಹೆದರಬೇಡ. ಸ್ಕ್ರೂ ಸಡಿಲವಾಗಿರುತ್ತದೆ. ಯಾರಿಗಾದರೂ ಹೇಳಿ ಎರಡು ಸುತ್ತು ಬಿಗಿ ಮಾಡಿಸು.

ನಾನು ಊರೂರು ತಿರುಗುವುದರಲ್ಲೇ ಇದ್ದೇನೆ, ಅದಕ್ಕೇ ಉತ್ತರ ತಡವಾಯಿತು.

ತಮ್ಮ

ಜೂನ್ ೨೦

ಗೇಣಪ್ಪನವರೇ,

ತಮ್ಮ ಅಪ್ಪಣೆಯಂತೆ ಅಳತೆ ತೆಗೆಯಲಾಯಿತು. ನಿನ್ನ ಭಾವ ಅಂಗಡಿಗೆ ಅರ್ಧ ದಿನ ರಜೆ ಹಾಕಿ, ಕುತ್ತಿಗೆಗೆ ಟೇಪು ನೇತುಹಾಕಿಕೊಂಡು, ಯಾರದೋ ಮದುವೆಯ ಕೋಟು ಹೊಲಿಯಲು ಹೊರಟವರ ಹಾಗೆ ನಮ್ಮ ಕಚೇರಿಗೆ ಬಂದರು. ಮೂರು ಜನ ಹೆಂಗಸರು ಅವರನ್ನು ಕಂಡು ಗಾಬರಿಯಾಗಿ ವಾಪಸ್ ಹೋದರು. ಒಂದೂವರೆ ಮೀಟರ್ ನೋಡಲು ಅವರಿಗೆ ಕಷ್ಟವೇ ಆಗಲಿಲ್ಲ, ದರ್ಜಿಯ ಟೇಪಿನ ಉದ್ದವೇ ಅಷ್ಟು.

ಬಾಗಿಲು ತೊಂಬತ್ತು ಸೆಂಟಿಮೀಟರ್. ಆಸನದ ಎತ್ತರ ನಲವತ್ತೇಳು. ಪಕ್ಕದ ಜಾಗ ತೊಂಬತ್ತೆರಡು. ಕಂಬಿ ಆಸನದಿಂದ ಇಪ್ಪತ್ತು ಮೇಲೆ. ಬೆರಳು ತೂರುತ್ತದೆ, ಮೊಣಕಾಲು ಹೋಗುತ್ತದೆ, ಕುರ್ಚಿ ತಿರುಗುತ್ತದೆ. ಎಲ್ಲ ನೀನು ಹೇಳಿದ ಹಾಗೇ ಇದೆ, ಒಂದು ನೂಲಿನಷ್ಟೂ ಆಚೀಚೆ ಇಲ್ಲ.

ಸ್ಕ್ರೂ ಕೂಡ ತಿರುಗಿಸಿದರು. ಸುತ್ತಿನ ಮೇಲೆ ಸುತ್ತು ಅದು ತಿರುಗುತ್ತಲೇ ಹೋಯಿತು, ಎಲ್ಲೂ ಕಚ್ಚಲಿಲ್ಲ. ನಿನ್ನ ಭಾವ ಬರುತ್ತಾ ದಾರಿಯಲ್ಲಿ ಒಂದು ಮಾತು ಹೇಳಿದರು: "ಅಳತೆ ತೆಗೆದ್ರೆ ಅರ್ಧ ಕೆಲಸ ಕಣೇ, ತೊಡಿಸಿ ನೋಡ್ಬೇಕು. ಇದನ್ನ ಯಾರೂ ತೊಡಿಸಿ ನೋಡಿಲ್ಲ."

ಏನು ಮಾಡಲಿ ಹೇಳು. ಸಾಹೇಬರು ನಿನ್ನೆ ಮತ್ತೆ ಮನೆಯಿಂದ ಕೆಲಸ ಮಾಡುವ ಮಾತೆತ್ತಿದರು.

ಅಕ್ಕ

ಜೂನ್ ೨೯

ಅಕ್ಕಾ,

ಅಳತೆ ಸಿಕ್ಕಿತು. ಎರಡು ಸಲ ಹೋಲಿಸಿ ನೋಡಿದೆ. ಹೇಳಲು ಸಂಕೋಚ, ಆದರೆ ಆ ಕೋಣೆಯಲ್ಲಿ ತಪ್ಪು ಹುಡುಕುವುದು ಕಷ್ಟ. ಅಳತೆಯೆಲ್ಲ ಸರಿಯಾಗಿದೆ. ಇಷ್ಟು ಚೆನ್ನಾಗಿ ಮಾಡಿದ ಕೋಣೆಗಳು ನೂರಕ್ಕೆ ಹತ್ತೂ ಸಿಗುವುದಿಲ್ಲ.

ನನಗನ್ನಿಸುವುದು, ಇಪ್ಪತ್ತೆರಡು ವರ್ಷ ಕಿಟಕಿ ಸರಳು ಹಿಡಿದ ಅಭ್ಯಾಸ ನಿನಗೆ. ಹೊಸ ಜಾಗದಲ್ಲಿ ಮೈ ಹೆದರುತ್ತದೆ. ಕುರ್ಚಿಯನ್ನು ಇನ್ನೂ ಸ್ವಲ್ಪ ಓರೆಯಾಗಿ ನಿಲ್ಲಿಸಿ, ಒಂದು ಕೈ ಆಸನದ ಮೇಲೆ, ಒಂದು ಕೈ ಕಂಬಿಯ ಮೇಲೆ ಇಟ್ಟು, ಒಂದೇ ಬೀಸಿನಲ್ಲಿ ದಾಟು. ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ. ಈಗಲೇ ದೂರು ಕೊಟ್ಟರೆ ಪರೀಕ್ಷೆಗೆ ಬಂದವರು ಎಲ್ಲ ಸರಿ ಇದೆ ಎಂದು ಬರೆದು ಹೋಗುತ್ತಾರೆ, ಆಮೇಲೆ ಮೇಲ್ವಿಚಾರಕಿ ಹುದ್ದೆಗೂ ಅದೇ ಅಡ್ಡ ಬರಬಹುದು.

ಬೇಜಾರು ಮಾಡಿಕೊಳ್ಳಬೇಡ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ತಮ್ಮ

ಜುಲೈ ೬

ತಮ್ಮಯ್ಯ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲನೆಯ ಸಲ ನಗು ಬಂತು, ಎರಡನೆಯ ಸಲ ಅಳು, ಮೂರನೆಯ ಸಲಕ್ಕೆ ಬಂದದ್ದು ಇನ್ನೂ ಇಳಿದಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಒಂದೇ ಸಾಲಿನಲ್ಲಿ ಬರೆದಿದ್ದರೆ ಅಂಚೆಯವನಿಗೂ ಭಾರ ಕಡಿಮೆಯಾಗುತ್ತಿತ್ತು. ಕಂಬಿ ಅಲುಗಾಡುತ್ತದೆ ಎನ್ನುತ್ತೇನೆ, ನೀನು ಎತ್ತರ ಎಷ್ಟು ಎಂದು ಕೇಳುತ್ತೀಯ. ಬಿಳಿ ಪುಡಿ ಉದುರುತ್ತದೆ ಎನ್ನುತ್ತೇನೆ, ನೀನು ಕುರ್ಚಿ ಓರೆಯಾಗಿ ನಿಲ್ಲಿಸು ಎನ್ನುತ್ತೀಯ. ಅಳತೆಯೆಲ್ಲ ಸರಿಯಾಗಿದ್ದರೆ ಅಳತೆ ತಪ್ಪಿದ್ದು ನಾನೇ ಇರಬೇಕು. ನನ್ನನ್ನೂ ಬಿಚ್ಚಿ ಹೊಲಿಯಲು ನಿನ್ನ ಭಾವನಿಗೆ ಹೇಳಲೇ?

ನನಗೆ ಎಂಟು ವರ್ಷಕ್ಕೆ ಜ್ವರ ಬಂದು ಕಾಲು ಹೋಯಿತು. ಅಂದಿನಿಂದ ನಲವತ್ತು ವರ್ಷ ನಾನು ಕೈಯಲ್ಲೇ ಬದುಕಿದ್ದೇನೆ. ಯಾವುದು ನನ್ನ ಭಾರ ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಎಂಬುದು ನನ್ನ ಅಂಗೈಗೆ ಗೊತ್ತು. ಅಭ್ಯಾಸದ ಮಾತು ನನಗೆ ಹೇಳಬೇಡ. ಮತ್ತೆ ನಿನ್ನ ಒಳ್ಳೆಯದಕ್ಕೇ ಎಂಬ ಮಾತನ್ನಂತೂ ಬರೆಯಲೇಬೇಡ, ಅದನ್ನು ಹೇಳಲು ಕಚೇರಿಯಲ್ಲಿ ದೊಡ್ಡ ಸಾಹೇಬರಿದ್ದಾರೆ.

ಒಂದು ಉಪಕಾರ ಮಾಡು ಸಾಕು. ಬಾಗಿಲ ಪಕ್ಕದಲ್ಲಿ ಒಂದು ದುಂಡನೆಯ ಚೀಟಿ ಅಂಟಿಸಿದ್ದಾರೆ, ಎಲ್ಲರಿಗೂ ಯೋಗ್ಯ ಎಂದು ಬರೆದಿದೆ. ಕೆಳಗೆ ಹೆಸರಿಲ್ಲ, ವಿಳಾಸವಿಲ್ಲ, ಬರೀ ಒಂದು ಸಂಖ್ಯೆ, ೪೪೧೭. ನಿಮ್ಮ ವೃತ್ತಿಯವರ ಪುಸ್ತಕದಲ್ಲಿ ಇದು ಯಾರದ್ದು ಎಂದು ನೋಡಿ ಹೇಳು. ಕಣ್ಣು ಮುಚ್ಚಿ ಸಹಿ ಹಾಕಿದ ಆ ಪುಣ್ಯಾತ್ಮನ ಹೆಸರು ನನಗೆ ಬೇಕು.

ಅಕ್ಕ

ಆಗಸ್ಟ್ ೨

ತಮ್ಮನಿಗೆ,

ತಿಂಗಳಾಗುತ್ತ ಬಂತು, ನಿನ್ನಿಂದ ಒಂದು ಸಾಲಿಲ್ಲ. ಫೋನು ಮಾಡಿದರೆ ನಿನ್ನ ಹೆಂಡತಿ, ಅವರು ಕೆಲಸದಲ್ಲಿದ್ದಾರೆ ಎನ್ನುತ್ತಾಳೆ. ನಾನು ಬೈದದ್ದು ನಿನಗೆ ಚುಚ್ಚಿರಬೇಕು. ಚುಚ್ಚಲಿ ಎಂದೇ ಬೈದದ್ದು, ಆದರೆ ಇಷ್ಟು ದಿನ ಮುನಿಸಿಕೊಳ್ಳುವಷ್ಟು ದೊಡ್ಡವನು ಯಾವಾಗ ಆದೆ? ಚಿಕ್ಕವನಿದ್ದಾಗ ಅರ್ಧ ಗಂಟೆಗಿಂತ ಹೆಚ್ಚು ಮುನಿಸು ನಿನ್ನಿಂದ ಆಗುತ್ತಿರಲಿಲ್ಲ, ಹಸಿವಾಗುತ್ತಿತ್ತು.

ಸಂಖ್ಯೆ ಯಾರದ್ದೆಂದು ಹುಡುಕಲು ಕಷ್ಟವಾಗಿದ್ದರೆ ಬಿಡು. ನಾನೇ ಬರೆದು ಕೇಳುತ್ತೇನೆ. ನಿನ್ನ ವೃತ್ತಿಯವರ ವಿರುದ್ಧ ನಿನ್ನನ್ನು ನಿಲ್ಲಿಸಿದ್ದು ನನ್ನ ತಪ್ಪೇ ಇರಬಹುದು.

ಕೈಗೆ ಸ್ವಲ್ಪ ಪೆಟ್ಟಾಗಿದೆ, ಅದಕ್ಕೆ ಈ ಕಾಗದವನ್ನು ನಿನ್ನ ಭಾವನ ಕೈಯಲ್ಲಿ ಬರೆಸುತ್ತಿದ್ದೇನೆ. ಹೆಚ್ಚೇನಿಲ್ಲ. ಉತ್ತರ ಬರೆ.

ಅಕ್ಕ

ಇನ್ನು ಇದು ನನ್ನ ಮಾತು, ಭಾವನದ್ದು. ಅವಳು ಒಳಗೆ ಮಲಗಿದ್ದಾಳೆ, ಲಕೋಟೆ ಅಂಟಿಸುವ ಮೊದಲು ಬರೆಯುತ್ತಿದ್ದೇನೆ. ನಿನಗೆ ಹೇಳಕೂಡದು ಎಂದು ಆಣೆ ಹಾಕಿಸಿಕೊಂಡಿದ್ದಾಳೆ, ಬರೆಯಬಾರದು ಎಂದು ಹೇಳಲಿಲ್ಲ. ನೀರು ಕುಡಿಯದೆ ಕುಡಿಯದೆ ಅವಳಿಗೆ ಮೂತ್ರದ ಸೋಂಕು ಆಯಿತು. ಡಾಕ್ಟರು ದಿನಕ್ಕೆ ಮೂರು ಲೀಟರ್ ಕುಡಿಯಲೇಬೇಕು ಎಂದು ಗದರಿಸಿದರು. ಕುಡಿದ ಮೇಲೆ ಹೋಗಲೇಬೇಕಲ್ಲ. ಜುಲೈ ಇಪ್ಪತ್ತೊಂದರಂದು ನೀನು ಹೇಳಿದ ಹಾಗೆ ಕುರ್ಚಿ ಓರೆಯಾಗಿ ನಿಲ್ಲಿಸಿ, ಒಂದೇ ಬೀಸಿಗೆ ದಾಟಲು ಹೋದಳು. ಕಂಬಿ ಸ್ಕ್ರೂ ಸಮೇತ ಗೋಡೆಯಿಂದ ಕಿತ್ತು ಕೈಗೆ ಬಂತು. ನಲವತ್ತು ನಿಮಿಷ ನೆಲದ ಮೇಲೆ ಬಿದ್ದಿದ್ದಳು. ನೆಲ ಒರೆಸುವ ಹೆಂಗಸು ಸದ್ದು ಕೇಳಿ ಬಾಗಿಲು ತೆಗೆಸಿದಳು. ಬಲಗೈ ಮಣಿಕಟ್ಟಿನ ಮೂಳೆ ಮುರಿದಿದೆ, ಆರು ವಾರ ಕಟ್ಟು. ಆ ಕೈ ಅವಳಿಗೆ ಕೈಯೂ ಹೌದು, ಕಾಲೂ ಹೌದು. ನಿನಗೆ ತಿಳಿದರೆ ನೀನು ಊಟ ಬಿಡುತ್ತೀಯ ಅನ್ನುತ್ತಾಳೆ. ಬಿಟ್ಟರೆ ಬಿಡು, ಆದರೆ ಒಂದು ಕಾಗದ ಬರೆ ಮಾರಾಯ.

ಆಗಸ್ಟ್ ೯

ಅಕ್ಕಾ,

೪೪೧೭ ನನ್ನದು.

ನಿನ್ನ ಕಾಗದ ನನಗೆ ಸಿಕ್ಕಿದ್ದು ಜುಲೈ ಹದಿನಾಲ್ಕಕ್ಕೆ. ಆ ದಿನವೇ ಪುಸ್ತಕ ತೆಗೆದು ನೋಡಿದೆ. ನೀರು ಸರಬರಾಜು ಕಚೇರಿ, ನಾಲ್ಕನೇ ಮಹಡಿ, ಹನ್ನೊಂದು ಫೋಟೋ, ನಲವತ್ತೆರಡು ಪ್ರಶ್ನೆಗೂ ಸರಿ ಗುರುತು, ಕೆಳಗೆ ನನ್ನ ಸಹಿ. ನಿನ್ನ ಕಚೇರಿ ಅಲ್ಲಿಗೆ ಬರುತ್ತದೆ ಎಂದು ಕೂಡ ಸಹಿ ಹಾಕುವಾಗ ನಾನು ನೋಡಿರಲಿಲ್ಲ.

ಊರೂರು ತಿರುಗುತ್ತೇನೆ ಎಂದು ನಿನಗೆ ಬರೆದದ್ದು ಸುಳ್ಳು. ನಾಲ್ಕು ವರ್ಷದಿಂದ ನಾನು ಒಂದು ಕಟ್ಟಡದ ಮೆಟ್ಟಿಲೂ ಹತ್ತಿಲ್ಲ. ಕಟ್ಟಿದವರೇ ಟೇಪು ಹಿಡಿದು ಫೋಟೋ ತೆಗೆದು ಕಳಿಸುತ್ತಾರೆ, ನಾನು ಮೇಜಿನ ಮುಂದೆ ಕೂತು ಗುರುತು ಹಾಕುತ್ತೇನೆ, ದಿನಕ್ಕೆ ಆರೇಳು ಕಟ್ಟಡ. ನೀನೂ ಭಾವನವರೂ ಬಂದವರಿಗೆಲ್ಲ ನನ್ನ ಕೆಲಸದ ಬಗ್ಗೆ ಹೆಮ್ಮೆಯಿಂದ ಹೇಳುತ್ತಿದ್ದಿರಿ, ಹಾಗಾಗಿ ನಿಜ ಹೇಳಲು ನಾಲಿಗೆ ಏಳಲಿಲ್ಲ.

ಫೋಟೋಗಳನ್ನು ಈಗ ಸರಿಯಾಗಿ ನೋಡಿದೆ, ಆ ಗೋಡೆ ಇಟ್ಟಿಗೆಯದಲ್ಲ. ತೆಳ್ಳಗಿನ ಬೋರ್ಡಿನದು, ಮೇಲೆ ಟೈಲ್ಸ್ ಅಂಟಿಸಿದ್ದಾರೆ. ಅಂಥ ಗೋಡೆಗೆ ಕಂಬಿ ಹಾಕಬೇಕೆಂದರೆ ಒಳಗೆ ಉಕ್ಕಿನ ಪಟ್ಟಿ ಕೂರಿಸಿರಬೇಕು. ಇಲ್ಲಿ ಸ್ಕ್ರೂ ಹಿಡಿಯಲು ಇರುವುದು ಬರೀ ಪ್ಲಾಸ್ಟಿಕ್ ಪ್ಲಗ್ಗು. ನೀನು ಹೇಳಿದ ಬಿಳಿ ಪುಡಿ ಬೋರ್ಡಿನದೇ. ನನ್ನ ನಮೂನೆಯಲ್ಲಿ ಗೋಡೆಯ ಹಿಂದೆ ಏನಿದೆ ಎಂಬ ಪ್ರಶ್ನೆಯೇ ಇಲ್ಲ. ಏಕೆ ಇಲ್ಲ ಎಂದು ಒಂದು ವಾರ ಯೋಚಿಸಿದೆ. ಅಪ್ಪ ನಿನಗೆಂದು ಬಚ್ಚಲಿನ ಕಲ್ಲುಗೋಡೆಯನ್ನು ಎರಡು ದಿನ ಕೊರೆದು ಕಬ್ಬಿಣದ ಪೈಪು ಹಾಕಿದರಲ್ಲ, ನನ್ನ ಮೊದಲ ಒಂಬತ್ತು ಪ್ರಶ್ನೆ ಬಂದದ್ದು ಅದನ್ನು ನೋಡಿಯೇ. ಅದರ ಎತ್ತರ, ಅದರ ದಪ್ಪ, ನಿನ್ನ ಬೆರಳು ಸುತ್ತಿಕೊಳ್ಳುವ ಜಾಗ. ನಾವು ಬೆಳೆದ ಮನೆಯಲ್ಲಿ ಗೋಡೆ ಅಲುಗಾಡಿದ್ದನ್ನು ನಾನು ಕಂಡೇ ಇಲ್ಲ. ಗೋಡೆಯನ್ನು ಅನುಮಾನಿಸಬೇಕು ಎಂದು ನನಗೆ ಹೊಳೆಯಲೇ ಇಲ್ಲ ಅಕ್ಕಾ.

ಹದಿನೈದನೇ ತಾರೀಕು ನಮ್ಮ ಸಂಸ್ಥೆಯ ಯಜಮಾನರಿಗೆ ಹೇಳಿದೆ. ಸ್ವಲ್ಪ ದಿನ ಸುಮ್ಮನಿರು, ಬರವಣಿಗೆಯಲ್ಲಿ ಏನೂ ಬೇಡ ಅಂದರು. ನಾನು ಸುಮ್ಮನಿದ್ದೆ. ಹದಿನಾಲ್ಕರಿಂದ ಇಪ್ಪತ್ತೊಂದಕ್ಕೆ ಏಳು ದಿನ. ಫೋನು ಎತ್ತಿ ಆ ಕಂಬಿ ಹಿಡಿಯಬೇಡ ಎಂದಿದ್ದರೆ ಸಾಕಿತ್ತು. ನಾನು ನನ್ನ ಕೆಲಸದ ಚಿಂತೆಯಲ್ಲಿದ್ದೆ.

ಮುಂದಿನ ಭಾನುವಾರ ಕಚೇರಿ ಮುಚ್ಚಿರುವಾಗ ಒಬ್ಬ ಒಳ್ಳೆಯ ಕೆಲಸಗಾರನನ್ನು ಕಳಿಸುತ್ತೇನೆ. ಗೋಡೆ ಬಿಚ್ಚಿ, ಪಟ್ಟಿ ಹಾಕಿ, ಯಾರಿಗೂ ಗೊತ್ತಾಗದ ಹಾಗೆ ಮುಚ್ಚುತ್ತಾನೆ. ಅಲ್ಲಿಯವರೆಗೆ ದೂರಿನಲ್ಲಿ ನನ್ನ ಹೆಸರು ಬರೆಯಬೇಡ. ನನಗಾಗಿ ಅಲ್ಲ, ಮಕ್ಕಳ ಮುಖ ನೋಡಿ ಕೇಳುತ್ತಿದ್ದೇನೆ. ನನ್ನನ್ನು ಕ್ಷಮಿಸು.

ತಮ್ಮ

ಆಗಸ್ಟ್ ೧೭

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಇದನ್ನು ಭಾವನ ಕೈಯಲ್ಲಿ ಬರೆಸಲು ಮನಸ್ಸಾಗಲಿಲ್ಲ.

ನೆಲದ ಮೇಲೆ ಬಿದ್ದಿದ್ದಾಗ ಆ ಸಹಿ ಹಾಕಿದವನಿಗೆ ನನಗೆ ಗೊತ್ತಿರುವ ಎಲ್ಲ ಬೈಗುಳವನ್ನೂ ಬೈದೆ. ಹಲ್ಲು ಕಚ್ಚಿಕೊಂಡು, ಒದ್ದೆ ಬಟ್ಟೆಯಲ್ಲಿ, ಚಾವಣಿ ನೋಡುತ್ತ ನಲವತ್ತು ನಿಮಿಷ. ಆ ಬೈಗುಳವೆಲ್ಲ ನನ್ನ ತಮ್ಮನಿಗೇ ಸೇರಿತು ಎಂದು ಈಗ ತಿಳಿಯಿತು. ಒಂದನ್ನೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ನೀನು ಸಹಿ ಹಾಕಿದ್ದು ತಪ್ಪು. ಆದರೆ ಅದು ಗೊತ್ತಿಲ್ಲದೆ ಆದದ್ದು. ಹದಿನಾಲ್ಕನೇ ತಾರೀಕಿನ ನಂತರ ನಿನಗೆ ಗೊತ್ತಿತ್ತು. ಆ ಏಳು ದಿನವನ್ನು ನಾನು ಎಲ್ಲಿ ಇಟ್ಟುಕೊಳ್ಳಲಿ?

ಭಾನುವಾರ ಕದ್ದು ಬಂದು ಪಟ್ಟಿ ಹಾಕಿಸುತ್ತೀಯ. ನಾನು ನಿನ್ನ ಅಕ್ಕ, ಆದ್ದರಿಂದ ನನಗೊಂದು ಉಕ್ಕಿನ ಪಟ್ಟಿ. ಬೇರೆಯವರ ಅಕ್ಕಂದಿರು? ಆ ಚೀಟಿ ನಂಬಿ ಕಂಬಿ ಹಿಡಿಯುವ ಮುದುಕರು, ಬಸುರಿಯರು, ಊರುಗೋಲಿನವರು? ದಿನಕ್ಕೆ ಆರೇಳು ಎಂದು ನೀನೇ ಬರೆದಿದ್ದೀಯ. ನಾಲ್ಕು ವರ್ಷಕ್ಕೆ ಎಷ್ಟಾಯಿತು, ಲೆಕ್ಕದಲ್ಲಿ ನೀನೇ ಜಾಣ.

ಕೆಲಸಗಾರನನ್ನು ಕಳಿಸಬೇಡ. ಕಳಿಸಿದರೆ ಕಾವಲುಗಾರನಿಗೆ ಹೇಳಿ ಹಿಡಿಸುತ್ತೇನೆ. ಇವತ್ತು ಮಧ್ಯಾಹ್ನ ಕಚೇರಿಗೆ ದೂರು ಕಳಿಸಿದೆ. ಅದರಲ್ಲಿ ನಿನ್ನ ಹೆಸರು, ಸಂಖ್ಯೆ, ತಾರೀಕು ಎಲ್ಲ ಇದೆ. ಮಕ್ಕಳ ಮುಖ ನಾನು ಮರೆತಿಲ್ಲ, ಅವರ ಸೋದರತ್ತೆ ನಾನು. ಅವರು ದೊಡ್ಡವರಾದ ಮೇಲೆ ಕೇಳಿದರೆ ನಾನೇ ಉತ್ತರ ಕೊಡುತ್ತೇನೆ.

ನೀನಿಲ್ಲಿಗೆ ಬರಬೇಡ.

ಆಗಸ್ಟ್ ೧೭

ಅಕ್ಕಾ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಹೋದ ಸಲ ಬರೆದ ಕಾಗದದ ಕೊನೆಯ ಭಾಗವನ್ನು ನೆನೆದರೆ ನನಗೇ ಹೇಸಿಗೆಯಾಗುತ್ತದೆ. ಅದನ್ನು ಅಂಚೆಗೆ ಹಾಕಿದ ಮಾರನೆಯ ದಿನವೇ ರಜೆ ಹಾಕಿ, ನಾನೇ ಸಹಿ ಮಾಡಿದ ಒಂದು ಆಸ್ಪತ್ರೆಗೆ ಹೋದೆ. ನಾಲ್ಕು ವರ್ಷದಲ್ಲಿ ಮೊದಲ ಸಲ. ಬಾಗಿಲು ಹಾಕಿಕೊಂಡು ಎರಡೂ ಕೈಯಲ್ಲಿ ಕಂಬಿ ಹಿಡಿದು ಕಾಲು ಎತ್ತಿದೆ. ತಡೆಯಿತು. ಇನ್ನೊಂದು ಕಡೆ, ಒಂದು ಗ್ರಂಥಾಲಯದಲ್ಲಿ, ಕಾಲು ಪೂರ್ತಿ ಎತ್ತುವ ಮೊದಲೇ ಒಂದು ತುದಿ ಕಿತ್ತು ಬಂತು, ಟೈಲ್ಸ್ ಬಿದ್ದು ಒಡೆಯಿತು. ಹೊರಗೆ ಒಬ್ಬ ವಯಸ್ಸಾದವರು ಕೋಲು ಹಿಡಿದು ಸರದಿಗೆ ಕಾಯುತ್ತಿದ್ದರು. "ಏನಾಯ್ತಪ್ಪಾ, ಪೆಟ್ಟಾಯ್ತೇನು?" ಎಂದು ನನ್ನನ್ನೇ ವಿಚಾರಿಸಿದರು.

ವಾಪಸ್ ಬಂದು ಪುಸ್ತಕವೆಲ್ಲ ತಿರುವಿ ಹಾಕಿದೆ. ಬೋರ್ಡಿನ ಗೋಡೆಯ ಕಟ್ಟಡಗಳು ಇನ್ನೂರ ಹದಿಮೂರು. ಅಷ್ಟಕ್ಕೂ ನನ್ನ ಸಹಿ ಹಿಂತೆಗೆದುಕೊಂಡಿದ್ದೇನೆ, ಪ್ರತಿಯೊಂದಕ್ಕೂ ಬೇರೆ ಬೇರೆ ಕಾಗದ ಬರೆದು, ಕಾರಣ ಹೇಳಿ, ಗೋಡೆ ಬಿಚ್ಚಿ ನೋಡುವವರೆಗೆ ಕಂಬಿಗೆ ಭಾರ ಹಾಕಬೇಡಿ ಎಂದು ತಿಳಿಸಿದ್ದೇನೆ. ನಿಮ್ಮ ಕಚೇರಿಯದೂ ಅದರಲ್ಲಿದೆ. ಯಜಮಾನರು ಅರ್ಧ ಗಂಟೆ ಕೂಗಾಡಿ ನನ್ನ ಕೀಲಿ ವಾಪಸ್ ತೆಗೆದುಕೊಂಡರು. ಕೆಲಸ ಹೋಯಿತು. ಮನೆಯಲ್ಲಿ ಹೇಳಿದ್ದೇನೆ.

ದೂರಿನಲ್ಲಿ ನನ್ನ ಹೆಸರು ಬರೆ.

ತಮ್ಮ

ಸೆಪ್ಟೆಂಬರ್ ೧೪

ಗೇಣಪ್ಪ,

ನಾಲ್ಕನೇ ತಾರೀಕು ಕಟ್ಟು ಬಿಚ್ಚಿದರು. ಮಣಿಕಟ್ಟು ಇನ್ನೂ ಪೂರ್ತಿ ಬಾಗುವುದಿಲ್ಲ, ಆದರೆ ಇದು ನನ್ನದೇ ಅಕ್ಷರ.

ನಾವಿಬ್ಬರೂ ಒಂದೇ ದಿನ ಬರೆದೆವು ಎಂದು ನಿನ್ನ ಕಾಗದದ ಮೇಲಿನ ತಾರೀಕು ನೋಡಿ ತಿಳಿಯಿತು. ನಾನು ಬರೆದದ್ದನ್ನು ಈಗಲೂ ಅಳಿಸುವುದಿಲ್ಲ. ನೀನು ಮಾಡಿದ್ದನ್ನು ಕೇಳಿ ನಿನ್ನ ಭಾವ ಟೇಪು ಕೆಳಗಿಟ್ಟು ಆ ಕಾಗದವನ್ನು ಇನ್ನೊಮ್ಮೆ ಓದಿಸಿಕೊಂಡರು.

ನಿನ್ನ ಕಾಗದ ನಮ್ಮ ಕಚೇರಿಗೆ ಬಂದ ಮೇಲೆ ಏನಾಯಿತು ಕೇಳು. ಗೋಡೆ ಬಿಚ್ಚಿ ನೋಡಿ ಎಂದು ನೀನು ಬರೆದಿದ್ದೀಯ. ಅವರು ನೀಲಿ ಬೋರ್ಡು ಬಿಚ್ಚಿದರು. ಪ್ರಮಾಣಪತ್ರ ಇಲ್ಲದ ಕೋಣೆಯನ್ನು ಬಳಸುವಂತಿಲ್ಲ ಎಂದು ಬೀಗ ಜಡಿದರು. ಕಸಬರಿಗೆಗಳು ತಮ್ಮ ಮನೆಗೆ ವಾಪಸ್ ಬಂದವು. ಆರನೇ ತಾರೀಕು ನಾನು ಕೆಲಸಕ್ಕೆ ಹೋದರೆ ದೊಡ್ಡ ಸಾಹೇಬರು ಕರೆದು, ನೋಡಿ, ನಿಮ್ಮ ತಮ್ಮನವರೇ ಅಪಾಯ ಎಂದು ಬರೆದಿದ್ದಾರೆ, ಇನ್ನು ನಾನೇನು ಮಾಡಲಿ, ತಿಂಗಳ ಕೊನೆಯಿಂದ ಮನೆಯಿಂದಲೇ ಕೆಲಸ ಮಾಡಲು ಒಪ್ಪಿಕೊಂಡುಬಿಡಿ ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರು ಎಲ್ಲ ಕಾಲಕ್ಕೂ ಇರುತ್ತಾರೆ. ಸಿಟ್ಟಿನಲ್ಲಿ ಕುರ್ಚಿ ತಿರುಗಿಸಿಕೊಂಡು ನನ್ನ ಮೇಜಿಗೆ ಬಂದೆ.

ಮೇಜಿನ ಮೇಲೆ ಉತ್ತರ ಬರೆಯಬೇಕಾದ ದೂರುಗಳ ಕಟ್ಟು. ಮೇಲಿಂದ ಏಳನೆಯದು ನನ್ನದೇ. ಕಚೇರಿಗೆ ಬಂದ ದೂರು ಯಾವುದೇ ಇರಲಿ, ದೂರು ವಿಭಾಗಕ್ಕೆ ಬರುತ್ತದೆ. ಉತ್ತರ ತಯಾರಿಸುವವಳು ನಾನು. ಯಾರೂ ಓದಿಲ್ಲ, ಮೊಹರು ಒತ್ತಿ ಕಳಿಸಿದ್ದಾರೆ. ನನ್ನ ದೂರಿಗೆ ನಾನೇ ಉತ್ತರ ಬರೆಯಬೇಕು.

ಬರೆದೆ. ನಿಮ್ಮ ದೂರನ್ನು ಪರಿಶೀಲಿಸಲಾಗುತ್ತಿದೆ ಎಂಬ ಮಾಮೂಲಿ ಸಾಲು ಹಾಕಲಿಲ್ಲ. ನಿಮ್ಮ ದೂರು ನಿಜ, ತಪ್ಪು ಕಚೇರಿಯದು, ಏಳು ದಿನದೊಳಗೆ ಗೋಡೆ ಬಿಚ್ಚಿ ಒಳಗೆ ಉಕ್ಕಿನ ಪಟ್ಟಿ ಕೂರಿಸಿ ಕಂಬಿ ಹಾಕಲಾಗುವುದು, ಅಲ್ಲಿಯವರೆಗೆ ತಾವೂ ಅಗತ್ಯವಿರುವ ಇತರರೂ ದೊಡ್ಡ ಸಾಹೇಬರ ಕೊಠಡಿಗೆ ಸೇರಿದ ಶೌಚಾಲಯವನ್ನು ಬಳಸಬಹುದು ಎಂದು ಬರೆದೆ. ಇದರ ಒಂದು ಪ್ರತಿ ಕಟ್ಟಡ ವಿಭಾಗಕ್ಕೂ ಎಂದು ಕೆಳಗೆ ಸೇರಿಸಿದೆ. ಸಂಜೆ ನಾಲ್ಕಕ್ಕೆ ಎಂಬತ್ತು ಉತ್ತರಗಳ ಕಟ್ಟು ಸಾಹೇಬರ ಮುಂದೆ ಹೋಯಿತು. ಅವರು ಎಂದಿನಂತೆ ಫೋನಿನಲ್ಲಿ ಮಾತಾಡುತ್ತಲೇ ಎಂಬತ್ತಕ್ಕೂ ಸಹಿ ಹಾಕಿದರು. ನೋಡದೆ ಸಹಿ ಹಾಕುವವನು ನೀನೊಬ್ಬನೇ ಅಲ್ಲ. ಮೋಸ ಎನ್ನುವವರು ಎನ್ನಲಿ. ನಾನು ಒಂದಕ್ಷರವನ್ನೂ ಮುಚ್ಚಿಡಲಿಲ್ಲ, ದಪ್ಪ ಅಕ್ಷರದಲ್ಲಿ ಟೈಪು ಮಾಡಿ ಅವರ ಕಣ್ಣ ಮುಂದೆಯೇ ಇಟ್ಟೆ.

ಮಾರನೆಯ ದಿನ ಹನ್ನೊಂದು ಗಂಟೆಗೆ ಆ ಕಾಗದ ತೊಡೆಯ ಮೇಲಿಟ್ಟುಕೊಂಡು ಅವರ ಕೊಠಡಿಗೆ ಹೋದೆ. ಅವರು ತಮ್ಮ ಸಹಿಯನ್ನು ಎರಡು ಸಲ ನೋಡಿದರು. "ಇದನ್ನ ಯಾರು ಬರೆದದ್ದು?" ಅಂದರು. ನಾನು, "ಬರೆದದ್ದು ನಾನು, ಒಪ್ಪಿದ್ದು ನೀವು" ಅಂದೆ. ಅವರ ಶೌಚಾಲಯ ನಮ್ಮ ದೂರು ವಿಭಾಗದ ಅರ್ಧದಷ್ಟಿದೆ ಮಾರಾಯ. ಕಮೋಡಿನ ಪಕ್ಕದಲ್ಲೇ ಕಲ್ಲಿನ ಕಟ್ಟೆ, ಗೋಡೆ ತಟ್ಟಿ ನೋಡಿದೆ, ಇಟ್ಟಿಗೆ. ನಾನು ನಿಧಾನವಾಗಿಯೇ ಮುಗಿಸಿಕೊಂಡು ಬಂದೆ. ಸಾಹೇಬರು ಹೊರಗೆ ಇಬ್ಬರು ಗುತ್ತಿಗೆದಾರರ ಜೊತೆ ನಿಂತಿದ್ದರು.

ಮಧ್ಯಾಹ್ನ ಏಳು ತಿಂಗಳ ಬಸುರಿ ಟೈಪಿಸ್ಟು ಬಂದಳು. ಮಂಡಿನೋವಿನ ಜವಾನರು ಬಂದರು. ಅಗತ್ಯವಿರುವ ಇತರರು ಎಂದು ಬರೆದಿತ್ತಲ್ಲ. ಮೂರನೇ ದಿನಕ್ಕೆ ಸಾಹೇಬರ ಕೊಠಡಿಯ ಮುಂದೆ ಸರದಿ ನಿಲ್ಲತೊಡಗಿತು. ನಾಲ್ಕನೇ ದಿನ ಕಟ್ಟಡ ವಿಭಾಗದವರು ಉಕ್ಕಿನ ಪಟ್ಟಿ ಹೊತ್ತುಕೊಂಡು ಓಡಿ ಬಂದರು.

ಮೇಲ್ವಿಚಾರಕಿ ಹುದ್ದೆಯ ಬಗ್ಗೆ ಸಾಹೇಬರು ಇನ್ನೂ ಬಾಯಿ ಬಿಟ್ಟಿಲ್ಲ. ಬಿಡದಿದ್ದರೆ ಅದಕ್ಕೂ ಒಂದು ದೂರು ಬರೆಯುತ್ತೇನೆ. ಮನೆಗೆ ಹೋಗುವ ಮಾತು ಮಾತ್ರ ಮುಗಿಯಿತು, ನಾನು ಎಲ್ಲಿಗೂ ಹೋಗುವುದಿಲ್ಲ.

ನಿನ್ನನ್ನು ಕ್ಷಮಿಸಿದ್ದೇನೆ ಎಂದುಕೊಳ್ಳಬೇಡ. ಆ ಏಳು ದಿನ ಇನ್ನೂ ನನ್ನ ಹತ್ತಿರವೇ ಇದೆ. ಆದರೆ ಇವತ್ತು ಬೆಳಗ್ಗೆ ಟೈಲ್ಸ್ ಸಮೇತ ಬೋರ್ಡು ಕಿತ್ತು ಗೋಡೆ ಬಿಚ್ಚಿಟ್ಟಿದ್ದಾರೆ, ಒಳಗೆ ಏನೇನೂ ಇಲ್ಲ, ಬರೀ ಟೊಳ್ಳು, ಧೂಳು. ಕೆಲಸಗಾರರಿಗೆ ಮುಚ್ಚುವ ಅವಸರ. ನಾನು ಕುರ್ಚಿಯನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿ, ನನ್ನ ತಮ್ಮ ಬಂದು ನೋಡುವವರೆಗೆ ಮುಚ್ಚಕೂಡದು ಎಂದು ಹೇಳಿ ಇಲ್ಲೇ ಕೂತು ಈ ಕಾಗದ ಬರೆಯುತ್ತಿದ್ದೇನೆ. ಮುಂದಿನ ವಾರದ ಬುಧವಾರದವರೆಗೆ ತಡೆಯುತ್ತಾರಂತೆ. ಹೊರಟು ಬಾ. ಸಹಿ ಹಾಕುವುದು ಬೇಡ, ಬಂದು ಒಳಗೆ ಕೈ ಹಾಕಿ ನೋಡು.

ಅಕ್ಕ